ಲೆಕ್ಕಕ್ಕೆ ಬೇಕಾದ ತಲೆ

ವೆಲ್ಡಿಂಗಿನ ಮುಖವಾಡ ತೆಗೆದ ಮೇಲೂ ಕಣ್ಣೊಳಗೆ ಒಂದು ಹಸಿರು ಚುಕ್ಕೆ ಉಳಿದೇ ಇತ್ತು. ಎತ್ತ ನೋಡಿದರೆ ಅತ್ತ ಹೋಗಿ ಕೂರುತ್ತಿತ್ತು. ಗೋಡೆಯ ಮೇಲೆ, ಅರ್ಧ ಮುಗಿದ ಗೇಟಿನ ಮೇಲೆ, ಕೊನೆಗೆ ಬಾಗಿಲಲ್ಲಿ ನಿಂತಿದ್ದ ಅಮ್ಮನ ಹಣೆಯ ಮೇಲೆ. ನಾಹುನ್ ಕಣ್ಣುಜ್ಜಿಕೊಂಡ. ಅಮ್ಮ ಬೆಳಗಿನ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು. ಪುರಸಭೆ ಕೊಟ್ಟ ಕಿತ್ತಳೆ ಬಣ್ಣದ ಅಂಗಿ, ತಲೆಗೆ ಸುತ್ತಿದ ವಸ್ತ್ರ, ರೆಪ್ಪೆಗಳ ಮೇಲೆ ಬೀದಿಯ ಧೂಳು. ಟೋರ್ಟಿಯಾ ರೊಟ್ಟಿ ಸುತ್ತಿದ್ದ ಗಂಟನ್ನು ಮೇಜಿನ ಮೇಲಿಟ್ಟು, ಅವನ ಮುಖ ನೋಡದೆ ಅಂದಳು:

"ಇವತ್ತು ಸಭೆಗೆ ಹೋಗ್ಬೇಡ ಕಣೋ."

"ಯಾಕೆ?"

"ಜ್ವರ ಅಂತ ಹೇಳಿ ಮಲಕ್ಕೋ. ದೊನ್ ರೆಮಿಹಿಯೊನೂ ಹೋಗಲ್ವಂತೆ."

"ಸದಸ್ಯ ಆಗಿದ್ರೂ ಆ ಮುದುಕ ಪುಕ್ಕಲ. ನನ್ನನ್ನೂ ಅವನ ಸಾಲಿಗೆ ಸೇರಿಸ್ತೀಯಾ?"

"ಹೇಳೋದು ಪೂರ್ತಿ ಕೇಳು ಮಗನೇ, ಎಣಿಸಿ ನೋಡಿದ್ರೆ..."

"ಕೇಳಿದ್ದಾಯ್ತು ಬಿಡಮ್ಮ."

ಅವಳು ಸುಮ್ಮನಾದಳು. ಹೀಗೆ ಸುಮ್ಮನಾಗುವುದೇ ಅವಳ ರೂಢಿ, ಇಪ್ಪತ್ತೆರಡು ವರ್ಷ ಊರಿನ ಎಲ್ಲರ ಮುಂದೆ ಹೀಗೇ ಸುಮ್ಮನಾಗಿ ಗುಡಿಸಿದ್ದಾಳೆ, ಅದಕ್ಕೇ ಇವತ್ತು ಇವಳನ್ನೂ ಸೇರಿಸಿ ಒಂಬತ್ತು ಹೆಂಗಸರನ್ನು ಗುಡಿಸಿ ಹೊರಗೆ ಹಾಕುವುದಕ್ಕೆ ಅವರಿಗೆ ಧೈರ್ಯ ಬಂದಿರುವುದು ಎಂದು ನಾಹುನ್‌ಗೆ ಸಿಟ್ಟು ನೆತ್ತಿಗೇರಿತು. ಅಮ್ಮನ ಮೇಲೋ, ಅವರ ಮೇಲೋ, ಬೇರೆ ಮಾಡಲಾಗಲಿಲ್ಲ. ಇವತ್ತು ಜೂನ್ ಮೂವತ್ತು. ಸಂಜೆ ನಾಲ್ಕಕ್ಕೆ ಪುರಸಭೆಯ ಬಾಗಿಲು ಮುಚ್ಚುವುದರೊಳಗೆ ಬೀದಿ ಗುಡಿಸುವ ಗುತ್ತಿಗೆ ದೊನ್ ತುಲಿಯೊನ ಲಾರಿಗಳಿಗೆ ಮಂಜೂರಾದರೆ ಹೆಂಗಸರು ನಾಳೆ ಬೆಳಿಗ್ಗೆ ಮನೆಯಲ್ಲಿ. ಮಂಜೂರಾಗದಿದ್ದರೆ ಅವರ ಕೆಲಸ ಇನ್ನೊಂದು ವರ್ಷ ತಾನಾಗಿಯೇ ಮುಂದುವರಿಯುತ್ತದೆ. ಇಷ್ಟೇ ವಿಷಯ. ಈ ಇಷ್ಟು ವಿಷಯಕ್ಕೆ ಅವನು ಹದಿನೈದು ದಿನದಿಂದ ಒಂದು ಭಾಷಣ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದ, ಕಬ್ಬಿಣ ಕೊಯ್ಯುವಾಗ, ಸ್ನಾನ ಮಾಡುವಾಗ. ಅಮ್ಮ ಅದನ್ನು ನುಂಗಿಬಿಡು ಅನ್ನುತ್ತಾಳೆ. ಟೋರ್ಟಿಯಾದ ಗಂಟು ಬಿಚ್ಚದೆಯೇ ಅವನು ಇದ್ದ ಒಂದು ಬಿಳಿ ಶರ್ಟು ತೊಟ್ಟುಕೊಂಡ.

ಸಾನ್ ಬ್ರಾವುಲಿಯೊದಲ್ಲಿ ಮಧ್ಯಾಹ್ನ ಎರಡೂವರೆಗೆ ನಾಯಿಯೂ ರಸ್ತೆಗಿಳಿಯುವುದಿಲ್ಲ. ಬೆಳಿಗ್ಗೆ ಗುಡಿಸಿದ ಬೀದಿಯಲ್ಲಿ ಪೊರಕೆಯ ಗೆರೆಗಳು ಹಾಗೇ ಇದ್ದವು, ಬಾಚಿದ ತಲೆಯ ಹಾಗೆ. ಅಮ್ಮನ ಗೆರೆ ಯಾವುದು ಅಂತ ಅವನಿಗೆ ಗೊತ್ತು. ಅವಳು ಎಡಗೈಯವಳು, ಅವಳ ಗೆರೆಗಳು ಚರಂಡಿಯ ಕಡೆಗಲ್ಲ, ಗೋಡೆಯ ಕಡೆಗೆ ಬಾಗುತ್ತವೆ. ಅವುಗಳ ಮೇಲೆ ಕಾಲಿಡುವಾಗ ಎಂದಿನ ಹಾಗೆ ಪಾದ ಹಿಂಜರಿಯಿತು. ಚಿಕ್ಕವನಿದ್ದಾಗ ಶಾಲೆಯ ಮುಂದಿನ ಬೀದಿ ಅಮ್ಮನ ಪಾಲಿಗಿತ್ತು, ಅವಳನ್ನು ನೋಡಬಾರದೆಂದು ಅವನು ಮಾಂಸದಂಗಡಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದ, ಬೂಟಿಗೆ ಕೆಸರು ಮೆತ್ತಿಕೊಳ್ಳುತ್ತಿತ್ತು, ಲಿಸಾಂದ್ರೊ ಮೇಷ್ಟ್ರು ಇಡೀ ತರಗತಿಗೆ ಕೇಳುವ ಹಾಗೆ, "ತಾಯಿ ಊರೆಲ್ಲ ಗುಡಿಸ್ತಾಳೆ, ಮಗ ಊರೆಲ್ಲ ಹೊತ್ಕೊಂಡು ಬರ್ತಾನೆ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ತಾನೂ ನಕ್ಕಿದ್ದ. ಅದೇ ನಿಜವಾದ ಹೇಸಿಗೆ. ಆರನೆಯ ತರಗತಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಶೆಡ್ಡು ಸೇರಿದ್ದಕ್ಕೆ ಬಡತನ ಕಾರಣ ಎಂದು ಪುರಸಭೆಯ ಚುನಾವಣೆಗೆ ನಿಂತು ಗೆದ್ದಾಗ ಹೇಳಿಕೊಂಡಿದ್ದ, ಜನ ಚಪ್ಪಾಳೆ ಹೊಡೆದಿದ್ದರು, ಅಮ್ಮ ಮಾತ್ರ ನೆಲ ನೋಡುತ್ತಿದ್ದಳು. ಈಗ ಹೋಗುತ್ತಿರುವುದು ಒಂಬತ್ತು ಹೆಂಗಸರಿಗಾಗಿಯೋ, ಆ ನಗುವಿಗಾಗಿಯೋ? ಲಿಸಾಂದ್ರೊ ಮೇಷ್ಟ್ರೂ ಈಗ ಅವನ ಹಾಗೇ ಪುರಸಭೆಯ ಸದಸ್ಯರು. ಅವರೆದುರು ಒಮ್ಮೆ ತಡವರಿಸದೆ ಮಾತಾಡಬೇಕು. ಅಷ್ಟು ಸಾಕು. ಅಷ್ಟೇ ಸಾಕಾ? ಯೋಚನೆ ಸಿಕ್ಕಾಗಿ ಅವನು ಬೇಗಬೇಗ ನಡೆದ.

ಪುರಸಭೆಯ ಮೆಟ್ಟಿಲ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಅವನನ್ನು ಕಂಡದ್ದೇ ಅವರಲ್ಲೊಬ್ಬಳಾದ ಚಾಯೊ ಎದೆಗೆ ಶಿಲುಬೆ ಬರೆದುಕೊಂಡು, "ಅಯ್ಯೋ, ಬಂದೇಬಿಟ್ನಲ್ಲ!" ಅಂದಳು. ಒಬ್ಬಳು ಎದ್ದು ಚಪ್ಪಲಿ ಕೈಲಿ ಹಿಡಿದು ಬೀದಿಯ ಆಚೆ ತುದಿಗೆ ಓಡಿದಳು. ಬರಬೇಕಾದವನು ಬಂದ ಎಂದು ಹೇಳಲು ಹೋಗುತ್ತಿದ್ದಾಳೆ ಅಂದುಕೊಂಡು ನಾಹುನ್ ಎದೆ ಎತ್ತಿ ಮೆಟ್ಟಿಲು ಹತ್ತಿದ. ಯಾರೂ ತಲೆಯೆತ್ತಿ ನೋಡಲಿಲ್ಲ.

ಒಳಗೆ ಏಳು ಕುರ್ಚಿ. ಮೂರರಲ್ಲಿ ಜನ ಇದ್ದರು. ಮೇಯರ್ ದೊನ್ ಎಲಿಯೊದೊರೊ, ಔಷಧಿ ಅಂಗಡಿಯ ದೋನ್ಯಾ ಮಿರ್ತಾಲಾ, ಲಿಸಾಂದ್ರೊ ಮೇಷ್ಟ್ರು. ಅವನು ಹೊಸಿಲು ದಾಟಿದ್ದೇ ಮೂವರ ಮುಖವೂ ಒಟ್ಟಿಗೆ ಅರಳಿತು. ಇಂಥದ್ದು ಹಿಂದೆ ಆಗಿರಲಿಲ್ಲ. ಹೋದ ತಿಂಗಳವರೆಗೂ ಅವನು ಬಂದರೆ ಫ್ಯಾನಿನ ಗಾಳಿ ಬಂದ ಹಾಗೆ, ಯಾರೂ ಗಮನಿಸುತ್ತಿರಲಿಲ್ಲ. ಇವತ್ತು ಮೇಯರರೇ ಎದ್ದು ಕುರ್ಚಿ ಎಳೆದು ಕೊಟ್ಟರು.

"ಬಾ ತಮ್ಮಾ ಬಾ, ಬಿಸಿಲಲ್ಲಿ ನಡ್ಕೊಂಡು ಬಂದ್ಯಾ? ಹೇಳಿ ಕಳಿಸಿದ್ರೆ ಗಾಡಿ ಕಳಿಸ್ತಿದ್ನಲ್ಲೋ. ಕಾಫಿ ತಗೋ. ಮಿರ್ತಾಲಾ, ಆ ಗಿಣ್ಣಿನ ರೊಸ್ಕಿಯಾ ಬಿಸ್ಕತ್ತು ಇತ್ತ ತಳ್ಳು."

"ಕಾಫಿ ಕುಡಿಯೋಕೆ ಬಂದಿಲ್ಲ ನಾನು."

"ಕಾಫಿ ಕುಡಿದ್ರೆ ಸಿಟ್ಟೇನೂ ಕಮ್ಮಿ ಆಗಲ್ಲ, ಕುಡಿ," ಅಂದಳು ಮಿರ್ತಾಲಾ. ಎಲ್ಲರೂ ನಕ್ಕರು, ಮನೆಯವರು ನಕ್ಕ ಹಾಗೆ. ಅವನಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೂ ಹೆದರಿದ್ದಾರೆ, ಗೌರವ ಕೊಡುತ್ತಿದ್ದಾರೆ ಎಂದುಕೊಂಡು ಕೂತ. ಕಾರ್ಯದರ್ಶಿ ಓದಿಲಿಯಾ ನಡಾವಳಿ ಪುಸ್ತಕ ಬಿಚ್ಚಿ, ಪೆನ್ನಿನ ಹಿಂತುದಿಯಿಂದ ಒಬ್ಬೊಬ್ಬರನ್ನೂ ತೋರಿಸುತ್ತ ಎಣಿಸತೊಡಗಿದಳು. ಅವಳಿಗಿಂತ ಮುಂಚೆ ಇದ್ದ ಕಾರ್ಯದರ್ಶಿ, ಇಲ್ಲದವರನ್ನು ಇದ್ದಾರೆಂದು ಬರೆದು ಎರಡು ವರ್ಷ ಜೈಲು ನೋಡಿ ಬಂದಿದ್ದ. ಅಂದಿನಿಂದ ಈ ಕಟ್ಟಡದಲ್ಲಿ ಬೇರೆ ಎಲ್ಲ ಸುಳ್ಳೂ ನಡೆಯುತ್ತದೆ, ತಲೆಯೆಣಿಕೆಯ ಸುಳ್ಳು ಮಾತ್ರ ನಡೆಯುವುದಿಲ್ಲ.

"ಒಂದು. ಎರಡು. ಮೂರು." ಪೆನ್ನು ಅವನ ಹಣೆಯ ನೇರಕ್ಕೆ ಬಂದು ನಿಂತಿತು. "ನಾಲ್ಕು. ಒಬ್ರು ಆಸ್ಪತ್ರೇಲಿ, ಒಬ್ರು ಶವಸಂಸ್ಕಾರಕ್ಕೆ ಹೋಗಿದಾರೆ, ದೊನ್ ರೆಮಿಹಿಯೊ ಬಂದಿಲ್ಲ. ನಾಹುನ್ ಬಂದದ್ದರಿಂದ ಕೋರಂ ಆಯ್ತು. ಸಭೆ ಶುರು."

ನಾಹುನ್ ಬಂದದ್ದರಿಂದ. ಮಾತು ಕಿವಿ ಹೊಕ್ಕು ತಲೆ ತಲುಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಏಳರಲ್ಲಿ ನಾಲ್ಕು ತಲೆ ಇದ್ದರೆ ಸಭೆ, ಮೂರಿದ್ದರೆ ಇಲ್ಲ. ಅವನು ವಿರೋಧಿಸಿದರೂ ಮೂರು ಕೈಯ ಎದುರು ಅವನದೊಂದೇ ಕೈ, ಗುತ್ತಿಗೆ ದೊನ್ ತುಲಿಯೊಗೇ ಹೋಗುತ್ತದೆ. ಅವನು ಬರದೇ ಇದ್ದಿದ್ದರೆ ವಿರೋಧಿಸುವ ಅಗತ್ಯವೇ ಇರಲಿಲ್ಲ. ಎಣಿಸಿ ನೋಡಿದ್ರೆ, ಅಂದಿದ್ದಳು ಅಮ್ಮ. ಮುದುಕ ರೆಮಿಹಿಯೊ ಪುಕ್ಕಲನಾಗಿ ಮನೆಯಲ್ಲಿ ಕೂತಿರಲಿಲ್ಲ. ಚಾಯೊ ಎದೆಗೆ ಶಿಲುಬೆ ಬರೆದುಕೊಂಡದ್ದು, ಈ ಕಾಫಿ, ಈ ರೊಸ್ಕಿಯಾ, ಈ ಎಳೆದುಕೊಟ್ಟ ಕುರ್ಚಿ. ಅವನು ಥಟ್ಟನೆ ಎದ್ದು ನಿಂತ. ಹೊರಗೆ ಹೋಗಲು ಎದ್ದದ್ದೋ ಮಾತಾಡಲು ಎದ್ದದ್ದೋ ಅವನಿಗೇ ತಿಳಿಯಲಿಲ್ಲ. ಬಾಗಿಲು ಎಂಟು ಹೆಜ್ಜೆ ದೂರ. ಎಂಟು ಹೆಜ್ಜೆ ಸುಮ್ಮನೆ ನಡೆದುಬಿಟ್ಟರೆ ಮುಗಿಯಿತು. ಆದರೆ ಲಿಸಾಂದ್ರೊ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ತುಟಿಯಲ್ಲಿ ಅದೇ ಹಳೆಯ ನಗು, ಓಡಿಹೋಗ್ತಾನೆ ನೋಡಿ ಈಗ ಅನ್ನುವ ಹಾಗೆ. ಹದಿನೈದು ದಿನದ ಭಾಷಣ ಗಂಟಲಿಗೆ ನುಗ್ಗಿ ಬಂತು.

"ಈ ಮೂರು ಕೊಟೇಷನ್ನೂ ಒಬ್ಬನೇ ತಂದಿದ್ದು!" ಎಂದು ಕೂಗಿದ. ದನಿ ಒಡೆದು ಎರಡಾಯಿತು. "ಮೂರು ಕಂಪನಿ ಬೇರೆಬೇರೆ ರೇಟು ಕೊಟ್ಟಿದಾವೆ ಅಂತೀರಿ. ಫೈಲಲ್ಲಿ ನಂಗೆ ಎಡ ಅಂಚಷ್ಟೇ ಕಂಡಿದ್ದು, ಮೂರೂ ಕಾಗದದ ಮೇಲೆ ಒಂದೇ ಮಸಿ ಗೆರೆ ಇದೆ. ಒಂದೇ ಪ್ರಿಂಟರು. ದೊನ್ ತುಲಿಯೊ ತನ್ನದೂ ಬರ್ದಿದಾನೆ, ಸೋಲೋರದ್ದೂ ಬರ್ದಿದಾನೆ!"

ಆಮೇಲೆ ಏನಾಗಬಹುದೆಂದು ಅವನು ಹದಿನೈದು ದಿನ ಕಲ್ಪಿಸಿಕೊಂಡಿದ್ದ. ಮೇಯರ್ ಬಿಳಿಚಿಕೊಳ್ಳುತ್ತಾರೆ, ಮಿರ್ತಾಲಾ ಬೀಸಣಿಗೆ ಕೆಳಗಿಡುತ್ತಾಳೆ. ಯಾರೂ ಬಿಳಿಚಿಕೊಳ್ಳಲಿಲ್ಲ. ಮೇಯರ್ ಬಹಳ ಮೃದುವಾಗಿ, ಮಗುವಿಗೆ ಬೂಟಿನ ದಾರ ಕಟ್ಟುವುದನ್ನು ಹೇಳಿಕೊಡುವ ಹಾಗೆ ಅಂದರು:

"ಹೌದಪ್ಪಾ. ಇನ್ಯಾರು ತರ್ತಾರೆ? ಕೆಲಸ ಬೇಕಾದೋನು ಜೊತೆಗಾರರ ಕಾಗದಾನೂ ತರಬೇಕು. ಊರಲ್ಲಿ ಲಾರಿ ಇರೋನೇ ಒಬ್ಬ. ಕಾನೂನು ಮೂರು ಕೇಳತ್ತೆ. ಉಳಿದಿಬ್ರನ್ನ ಎಲ್ಲಿಂದ ತರೋಣ, ಹೆತ್ತು ಕೊಡ್ತೀಯಾ?"

"ಹೊಸಬ, ಪಾಪ," ಅಂದಳು ಮಿರ್ತಾಲಾ.

"ಇದು ಮೋಸ."

"ಮೋಸ ಅಂದ್ರೆ ಯಾರ್ದೋ ಕಾಗದ ಕದಿಯೋದು. ಇಲ್ಲಿ ಎಲ್ರೂ ಪ್ರೀತಿಯಿಂದ ಕೊಟ್ಟಿದಾರೆ," ಎಂದು ಮೇಯರ್ ಮೂರನೆಯ ಹಾಳೆ ಅವನ ಮುಂದೆ ಸರಿಸಿದರು. "ನೀನೂ ಕೊಟ್ಟಿದೀಯ."

ಹಾಳೆಯ ಮೇಲೆ ಅವನ ಶೆಡ್ಡಿನ ಹೆಸರಿತ್ತು, ಕೆಳಗೆ ನೀಲಿ ಸೀಲು. 'ಕಾಲಿಕ್ಸ್ ವೆಲ್ಡಿಂಗ್ ಮತ್ತು ಗೇಟುಗಳು' ಸಾನ್ ಬ್ರಾವುಲಿಯೊದ ಹದಿನಾಲ್ಕು ಬೀದಿಗಳನ್ನು ವರ್ಷಪೂರ್ತಿ ಗುಡಿಸಿ ಕಸ ಸಾಗಿಸಲು ಒಪ್ಪಿ, ಮೂವರಲ್ಲೇ ಎಲ್ಲಕ್ಕಿಂತ ದುಬಾರಿ ದರ ಹೇಳಿತ್ತು. ಸಹಿ ಅವನದಲ್ಲ. ಅವನ ಸಹಿಗಿಂತ ಚೆನ್ನಾಗಿತ್ತು, ಓದಿದವರು ಹಾಕಿದ ಸಹಿ. ಆದರೆ ಸೀಲು ಅವನದೇ, ಅದರ ಹದ್ದಿನ ಚಿತ್ರದಲ್ಲಿ ರೆಕ್ಕೆಯ ಒಂದು ತುದಿ ಮುರಿದದ್ದು. ಕಿಟಕಿಯಾಚೆ ಯಾರೋ ಹಂದಿ ಅಟ್ಟುತ್ತಿದ್ದರು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಒಂದು ಮಧ್ಯಾಹ್ನ ದೊನ್ ತುಲಿಯೊ ಶೆಡ್ಡಿನ ಮುಂದೆ ಬಂದು ನಿಂತಿದ್ದ, ಹ್ಯಾಟು ತೆಗೆದು ಕೈಲಿ ಹಿಡಿದುಕೊಂಡು. ಸೀಲು ಒತ್ತಿದ ಎರಡು ಖಾಲಿ ಹಾಳೆ ಕೊಡ್ತೀಯೇನಪ್ಪಾ ಅಂತ, ಹಗ್ಗವೋ ಏಣಿಯೋ ಕೇಳುವ ಹಾಗೆ ಕೇಳಿದ್ದ. ಊರಲ್ಲಿ ಎಲ್ಲರೂ ಎಲ್ಲರಿಗೂ ಕೊಡುತ್ತಾರೆ, ಬೇಕರಿಯವನು ಬಡಗಿಗೆ, ಬಡಗಿ ಶಾಮಿಯಾನದವನಿಗೆ. ಏಣಿ ಕೊಡದವನನ್ನು ಊರು ಹೇಗೆ ನೋಡುತ್ತದೋ ಹಾಳೆ ಕೊಡದವನನ್ನೂ ಹಾಗೇ ನೋಡುತ್ತದೆ. ಯಾಕೆ ಎಂದು ಕೇಳುವುದು ಒರಟುತನ. ಮೂರು ಲಾರಿಯ ಧಣಿ ಹ್ಯಾಟು ತೆಗೆದು ತನ್ನ ಮುಂದೆ ನಿಂತಿದ್ದಾನೆ, ತನ್ನ ಸೀಲಿಗೆ ಬೆಲೆ ಬಂದಿದೆ ಎಂದು ಎದೆ ಬೆಚ್ಚಗಾಗಿ ಎರಡು ಕೇಳಿದವನಿಗೆ ಮೂರು ಕೊಟ್ಟಿದ್ದ. ಅವತ್ತು ಬಾಗಿಲಲ್ಲಿ ಅಮ್ಮ ಇದ್ದಳೇ? ಇದ್ದಳು ಅನ್ನಿಸಿತು. ಇಲ್ಲ, ಅದು ಬೇರೆ ದಿನ. ಅಮ್ಮನ ಕೆಲಸಕ್ಕೆ ತಾನೇ ಬೆಲೆ ಕಟ್ಟಿ ಸೋತಿದ್ದೇನೆ. ಹಾಗಾದರೆ ಸೋತದ್ದು ಯಾರು?

"ಸದಸ್ಯ ಆದೋನು ಪುರಸಭೆ ಗುತ್ತಿಗೆಗೆ ಕಾಗದ ಹಾಕೋದು ಅಪರಾಧ," ಅಂದರು ಲಿಸಾಂದ್ರೊ ಮೇಷ್ಟ್ರು, ಪಾಠ ಓದಿಸುವ ದನಿಯಲ್ಲಿ. "ಕುರ್ಚಿ ಹೋಗತ್ತೆ. ಇನ್ನೂ ಏನೇನೋ ಹೋಗಬಹುದು."

"ನಾನು ಹಾಕಿದ್ದಲ್ಲ ಅದು."

"ಸೀಲು ಕಳವಾಯ್ತು ಅಂತ ದೂರು ಕೊಟ್ಟಿದೀಯಾ? ಇಲ್ಲ."

"ಬಿಡಿ ಮೇಷ್ಟ್ರೇ, ಹುಡುಗನ್ನ ಹೆದರಿಸಬೇಡಿ," ಮೇಯರ್ ತಡೆದರು. "ನೋಡು ತಮ್ಮಾ, ಕಾಗದ ಇಟ್ಟೋನು ಕೈ ಎತ್ತೋ ಹಾಗಿಲ್ಲ. ಅದು ನಿಯಮ. ಆದ್ರೆ ಕೂರಬಹುದು. ಕೂತ್ರೆ ಎಣಿಕೆಗೆ ಬರ್ತೀಯ. ಅಲ್ವೇನಮ್ಮಾ ಓದಿಲಿಯಾ?"

ಓದಿಲಿಯಾ ನಿಯಮದ ಪುಸ್ತಕ ತಿರುವಿ, ಹೌದೆಂದು ತಲೆಯಾಡಿಸಿದಳು. "ಕೈ ಲೆಕ್ಕಕ್ಕಿಲ್ಲ. ತಲೆ ಲೆಕ್ಕಕ್ಕಿದೆ."

"ಅಷ್ಟೇ. ನೀನು ಒಪ್ಪಬೇಕಿಲ್ಲ, ಬೇಡ ಅನ್ನಬೇಕಿಲ್ಲ. ಕಾಫಿ ಕುಡೀತಾ ಇರು. ಎದ್ದು ಹೋದ್ರೆ ಯಾಕೆ ಹೋದ ಅಂತ ಈ ಕಾಗದಾನೇ ಪುಸ್ತಕಕ್ಕೆ ಅಂಟಿಸಬೇಕಾಗತ್ತೆ. ಇನ್ನೊಂದು ಮಾತು." ಮೇಯರ್ ದನಿ ತಗ್ಗಿಸಿದರು. "ದೋನ್ಯಾ ಎಲ್ವಿಯಾನ ತುಲಿಯೊ ಕೆಲಸದಿಂದ ತೆಗೆಯಲ್ಲ. ನಾನು ಮಾತಾಡಿದೀನಿ. ನಿಮ್ಮಮ್ಮನ ಪೊರಕೆ ನಿಮ್ಮಮ್ಮನ ಕೈಲೇ ಇರತ್ತೆ."

ಗೋಡೆಯ ಗಡಿಯಾರದಲ್ಲಿ ಮೂರು ಹೊಡೆದು, ಮೂರೂಕಾಲಾಗಿ, ಮೂರೂವರೆಯಾಯಿತು. ಓದಿಲಿಯಾ ಗುತ್ತಿಗೆಯ ಷರತ್ತುಗಳನ್ನು ಒಂದೊಂದಾಗಿ ಓದುತ್ತಿದ್ದಳು, ಪೂರ್ತಿ ಓದದೆ ಕೈ ಎತ್ತಿಸುವಂತಿಲ್ಲ. ನಾಹುನ್ ಕೂತಿದ್ದ. ಯಾವಾಗ ಕೂತನೋ ಗೊತ್ತಿಲ್ಲ. ಒಂಬತ್ತರಲ್ಲಿ ಒಂದು ಉಳಿಯಿತಲ್ಲ ಎಂದು ಒಂದು ಕಡೆಯಿಂದ ಯಾರೋ ಹೇಳುತ್ತಿದ್ದರು, ಆ ಯಾರೋ ತಾನೇ. ಅಮ್ಮ ನಾಳೆ ಒಬ್ಬಳೇ ತುಲಿಯೊನ ಲಾರಿಯ ಹಿಂದೆ ನಡೆಯುವುದನ್ನೂ, ಚಾಯೊ ಬಾಗಿಲಲ್ಲಿ ನಿಂತು ಅದನ್ನು ನೋಡುವುದನ್ನೂ ಕಲ್ಪಿಸಿಕೊಂಡ. ಅದೇನೂ ಅಷ್ಟು ಕೆಟ್ಟದಾಗಿ ಕಾಣಲಿಲ್ಲ, ಅದಕ್ಕೇ ಭಯವಾಯಿತು. ರೊಸ್ಕಿಯಾದ ಪುಡಿ ಬೆರಳಿಗೆ ಅಂಟಿತ್ತು. ತಾನು ತಿಂದಿದ್ದೇನೆ. ಒಂದಲ್ಲ, ಎರಡು. ತಟ್ಟೆಯಲ್ಲಿ ಆರಿದ್ದವು, ಈಗ ನಾಲ್ಕಿವೆ. ಅಷ್ಟರಲ್ಲಿ ಮೇಯರ್ ಅವನ ತೊಡೆಯ ಮೇಲೆ ಕೈಯಿಟ್ಟು, ಸಂತೆಯಲ್ಲಿ ಹೊಂದಿಕೊಂಡ ಎತ್ತನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು. ಅದನ್ನು ತಡೆಯಲಾಗಲಿಲ್ಲ. ಧೈರ್ಯ ಬಂದು ಎದ್ದದ್ದಲ್ಲ. ಆ ಕೈಯ ಬಿಸಿ ಪ್ಯಾಂಟಿನ ಬಟ್ಟೆ ದಾಟಿ ಚರ್ಮಕ್ಕೆ ಬಂತು, ಅವನು ಎದ್ದ, ಎಂಟು ಹೆಜ್ಜೆ ನಡೆದ, ಅಷ್ಟೇ. ಹಿಂದಿನಿಂದ ಮೇಷ್ಟ್ರು ಏನೋ ಅಂದರು. ಓದಿಲಿಯಾ ಓದುವುದನ್ನು ನಿಲ್ಲಿಸಿ, ಪೆನ್ನಿನಿಂದ ತೋರಿಸುತ್ತ, "ಒಂದು, ಎರಡು, ಮೂರು" ಅಂದಳು. ಪೆನ್ನು ಗಾಳಿಯಲ್ಲಿ ನಿಂತಿತು.

ಹೊರಗಿನ ಬೆಳಕು ಮುಖಕ್ಕೆ ಹೊಡೆಯಿತು. ಮೆಟ್ಟಿಲ ಮೇಲಿದ್ದ ಹೆಂಗಸರು ಎದ್ದು ನಿಂತರು. ಅಮ್ಮನೂ ಬಂದು ಅವರ ಹಿಂದೆ ನಿಂತಿದ್ದಳು.

"ಮುಗೀತಾ?" ಅಂದಳು ಚಾಯೊ.

ಅವನು ತಿರುಗಿ ಹೊಸಿಲ ಕಡೆ ನೋಡಿದ. ಮುಗಿಯಿತೋ ಇಲ್ಲವೋ ಎಂಬುದು ತಾನು ಎಲ್ಲಿ ನಿಂತಿದ್ದೇನೆ ಎಂಬುದರ ಮೇಲಿತ್ತು. ಆ ನೋಟವನ್ನು ಅವಳು ತನಗೆ ತಿಳಿದ ಹಾಗೆ ತಿಳಿದುಕೊಂಡಳು.

"ಮುಗಿಸ್ಕೊಂಡು ಬಂದ ಕಣ್ರೇ. ಮೀಸೆ ಮೇಲೆ ಪುಡಿ ನೋಡಿ, ತಿಂಡಿ ತಿನ್ಕೊಂಡು ಬಂದಿದಾನೆ!"

ಆಗಲೇ ಬೀದಿಯ ತುದಿಯಿಂದ ದೊನ್ ರೆಮಿಹಿಯೊ ಬರುತ್ತಿದ್ದ. ಎಪ್ಪತ್ತೆಂಟರ ಮುದುಕ, ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ, ಬೆನ್ನ ಹಿಂದೆ ಚಪ್ಪಲಿ ಕೈಲಿ ಹಿಡಿದು ಓಡಿದ್ದ ಹೆಂಗಸು. ಕೋಲೂರುತ್ತ ಮೆಟ್ಟಿಲು ಹತ್ತತೊಡಗಿದ.

"ನೀನು ಒಳಗೆ ಹೋದೆ ಅಂತ ಗೊತ್ತಾಯ್ತು," ಎಂದು ಏದುಸಿರಲ್ಲೇ ಬೈದ. "ಕತ್ತೆ! ನಿನ್ನಮ್ಮ ಹೇಳಲಿಲ್ವೇನೋ? ಇನ್ನು ನಾನು ಮನೇಲಿ ಅಡಗಿ ಕೂತು ಏನು ಬಂತು? ಹೆಂಗೂ ಸಭೆ ಆಗ್ತಿದೆ. ನನ್ನ 'ಬೇಡ' ಅನ್ನೋದಾದ್ರೂ ಆ ಪುಸ್ತಕದಲ್ಲಿ ಬರೆಸಿ ಸಾಯ್ತೀನಿ. ದಾರಿ ಬಿಡು."

"ಹೋಗಬೇಡಿ ದೊನ್ ರೆಮಿಹಿಯೊ. ನಾನು ಎದ್ದು ಬಂದಿದೀನಿ. ಈಗ ಮೂರೇ ಜನ. ನೀವು ಹೋದ್ರೆ..."

ಬಾಗಿಲಲ್ಲಿ ಮೇಯರ್ ಬಂದು ನಿಂತಿದ್ದರು, ಪಕ್ಕದಲ್ಲಿ ಪುಸ್ತಕ ಎದೆಗವಚಿಕೊಂಡ ಓದಿಲಿಯಾ. ಮೇಯರ್ ಕೈಯಲ್ಲಿ ಆ ಹಾಳೆ.

"ಬನ್ನಿ ಬನ್ನಿ ದೊನ್ ರೆಮಿಹಿಯೊ! ನಿಮ್ಮಂಥ ಹಿರಿಯರು ವಿರೋಧ ಮಾಡಿದ್ರೂ ಅದಕ್ಕೊಂದು ಶೋಭೆ. ಈ ಹುಡುಗ ಯಾಕೆ ತಡೀತಾನೆ ಕೇಳಿ ಮೊದ್ಲು. ಗುತ್ತಿಗೇಲಿ ಅವಂದೂ ಒಂದು ಕಾಗದ ಇದೆ. ತೋರಿಸ್ಲಾ?"

ಮುದುಕನ ಕಣ್ಣು ಆ ನೀಲಿ ಸೀಲಿನ ಮೇಲೆ ನಿಂತಿತು, ಆಮೇಲೆ ನಾಹುನ್‌ನ ಮೇಲೆ.

"ನಿಂದಾ ಅದು?"

"ನಂದೇ. ಆದ್ರೆ..."

"ಆದ್ರೆ ಏನಿಲ್ಲ," ಅಂದ ಮುದುಕ, ಕೋಲಿನಿಂದ ಅವನನ್ನು ಬದಿಗೆ ತಳ್ಳಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ.

ಇನ್ನು ಏನು ಹೇಳಿದ್ದರೂ ಯಾರು ನಂಬುತ್ತಿದ್ದರು. ನಾಹುನ್ ಹಿಂದಿನಿಂದ ಮುದುಕನನ್ನು ತಬ್ಬಿ ಹಿಡಿದ. ಹಗುರವಾಗಿದ್ದ, ಒಣಗಿದ ಜೋಳದ ದಂಟಿನ ಕಟ್ಟಿನ ಹಾಗೆ, ಬಿಗಿ ಹಿಡಿದರೆ ಮುರಿಯುತ್ತಾನೆ, ಬಿಟ್ಟರೆ ಹೋಗುತ್ತಾನೆ. ಕೋಲು ಮೊಣಕಾಲಿಗೆ ಬಡಿಯಿತು. ಮತ್ತೆ ಬಡಿಯಿತು. ಚಾಯೊ ಅವನ ಕೂದಲು ಹಿಡಿದೆಳೆಯುತ್ತ, "ಬಿಡೋ ಮುದುಕನ್ನ, ನಾಯಿ!" ಎಂದು ಕೂಗುತ್ತಿದ್ದಳು. ಬಿಳಿ ಶರ್ಟು ಎಲ್ಲೋ ಹರಿದ ಸದ್ದಾಯಿತು. ಓದಿಲಿಯಾ ಕೈಗಡಿಯಾರ ನೋಡಿ, "ಹೊಸಿಲು ದಾಟಿದ್ರೆ ಮಾತ್ರ ಬರೀತೀನಿ, ನಾಲ್ಕಕ್ಕೆ ಇನ್ನು ಏಳು ನಿಮಿಷ" ಎಂದು ಯಾರಿಗೆಂದಿಲ್ಲದೆ ಹೇಳಿದಳು. ಅವಳು ಯಾರ ಪಕ್ಷ? ಯಾರದೂ ಅಲ್ಲವೇನೋ. ಹೆಂಗಸರ ತಲೆಗಳ ನಡುವಿನಿಂದ ಅವನಿಗೆ ಅಮ್ಮನ ಮುಖ ಕಂಡಿತು. ಅವಳು ಕೂಗುತ್ತಿರಲಿಲ್ಲ. ಅವಳ ತುಟಿ ಅಲುಗುತ್ತಿತ್ತು. ಬಾಗಿಲ ಕಡೆ ನೋಡಿ, ಒಳಗಿನ ಕುರ್ಚಿಗಳ ಕಡೆ ನೋಡಿ, ಹೆಬ್ಬೆರಳಿನಿಂದ ಬೆರಳ ಗಿಣ್ಣು ಮುಟ್ಟುತ್ತ, ಒಂದು, ಎರಡು, ಮೂರು. ನಾಲ್ಕನೆಯ ಬೆರಳಿಗೆ ಬಂದು ನಿಂತಳು. ಹೆಂಗಸರನ್ನು ತಳ್ಳಿಕೊಂಡು ಬಂದು, ಮೇಲಿನ ಮೆಟ್ಟಿಲಿಗೆ ಹತ್ತಿ, ಎದುರಿನಿಂದ ಮುದುಕನನ್ನೂ ಮಗನನ್ನೂ ಸೇರಿಸಿ ತಬ್ಬಿಕೊಂಡಳು. ಅವಳ ತೋಳು ಅವನ ತೋಳಿನ ಮೇಲೆ ಬಿತ್ತು. ಎಷ್ಟು ವರ್ಷವಾಗಿತ್ತು ಈ ತೋಳು ತಾಗಿ. ಚಾಯೊನ ಕೈ ಸಡಿಲವಾಯಿತು. "ಏನಾಗ್ತಿದೆ, ಏನಾಗ್ತಿದೆ?" ಎಂದು ಹಿಂದಿದ್ದವರು ಕೇಳುತ್ತಿದ್ದರು, ಹೇಳುವವರು ಇರಲಿಲ್ಲ.

ಒಳಗೆ ಗಡಿಯಾರ ನಾಲ್ಕು ಹೊಡೆಯಿತು. ಓದಿಲಿಯಾ ನಿಂತಲ್ಲೇ ಪುಸ್ತಕ ತೆರೆದು, ಮಂಜೂರಾತಿಗೆಂದು ಬಿಟ್ಟು ಖಾಲಿಯೇ ಉಳಿದ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಮುಚ್ಚಿ ಒಳಗೆ ಹೋದಳು. ಮೇಯರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬಹಳ ಜಾಗ್ರತೆಯಿಂದ, ಎದೆಯ ಜೇಬಿನಲ್ಲಿಟ್ಟುಕೊಂಡರು. ಆದರೂ ತಾಯಿ ಮಗ ಇಬ್ಬರ ಕೈಯೂ ಬಿಚ್ಚಿಕೊಳ್ಳಲಿಲ್ಲ. ಇಬ್ಬರ ನಡುವೆ ಸಿಕ್ಕಿದ್ದ ದೊನ್ ರೆಮಿಹಿಯೊ ಒದ್ದಾಡುವುದನ್ನು ನಿಲ್ಲಿಸಿ, ಹಣೆಯನ್ನು ಎಲ್ವಿಯಾಳ ಕಿತ್ತಳೆ ಅಂಗಿಗೆ ಆನಿಸಿಕೊಂಡು, ಸುಸ್ತಾದ ಸಣ್ಣ ದನಿಯಲ್ಲಿ ಕೇಳಿದ:

"ನನ್ನ ತಡೆಯೋಕೆ ನಿಮ್ಮಿಬ್ರಿಗೂ ಸೇರಿಸಿ ಎಷ್ಟು ಕೊಟ್ರಮ್ಮಾ?"

ಅಮ್ಮ ಹೇಳುತ್ತಾಳೆಂದು ನಾಹುನ್ ಕಾದ. ಮಗ ಹೇಳುತ್ತಾನೆಂದು ಅವಳೂ ಕಾಯುತ್ತಿದ್ದಿರಬೇಕು.